ಕಿತ್ತೂರಿನ ಪಂಚಾಂಗದಲ್ಲಿ ಒಂದು ಖಾಲಿ ಮನೆ

ಪ್ರತಿ ವರ್ಷವೂ ಅಕ್ಟೋಬರ್ 23ರಿಂದ 25ರ ವರೆಗೆ ಮೂರು ದಿನ ಕಿತ್ತೂರು ಸಣ್ಣ ಊರಾಗಿ ಉಳಿಯುವುದಿಲ್ಲ. ಉಳಿದ ದಿನಗಳಲ್ಲಿ ಅದು ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ, ಧಾರವಾಡಕ್ಕೆ ಸುಮಾರು 30 ಕಿಲೋಮೀಟರು, ಬೆಳಗಾವಿಗೆ ಸುಮಾರು 50 ಕಿಲೋಮೀಟರು ದೂರದಲ್ಲಿರುವ ಒಂದು ತಾಲೂಕು ಊರು. ಪಡುವಣಕ್ಕೆ ಮಲೆನಾಡಿನ ಸೆರಗು, ಮೂಡಣಕ್ಕೆ ಎರೆಭೂಮಿಯ ಬಯಲು; ಇವೆರಡೂ ಕೂಡುವ ಎಡೆಯಲ್ಲಿ ಬತ್ತ-ಜೋಳಗಳ ನಡುವೆ ಅದು ತನ್ನ ಪಾಡಿಗೆ ತಾನು ಬದುಕುತ್ತದೆ. ಆದರೆ ಆ ಮೂರು ದಿನ ಮಾತ್ರ ನಾಡಿನ ದೃಷ್ಟಿಯೆಲ್ಲ ಅತ್ತ ಹೊರಳುತ್ತದೆ. ಊರೂರು ಸುತ್ತಿ ಬಂದ ವಿಜಯಜ್ಯೋತಿಯನ್ನು ಜನ ಎದುರುಗೊಳ್ಳುತ್ತಾರೆ. ಡೊಳ್ಳು, ಕರಡಿಮಜಲು, ಕುಂಭಹೊತ್ತ ಹೆಣ್ಣುಮಕ್ಕಳ ಸಾಲು ಬೀದಿ ತುಂಬುತ್ತವೆ. ಕುಸ್ತಿಯ ಕಣ ಸಿದ್ಧವಾಗುತ್ತದೆ. ಕವಿಗೋಷ್ಠಿ, ವಿಚಾರ ಸಂಕಿರಣ, ನಾಟಕ, ಹಾಡು ನಡೆಯುತ್ತವೆ. 1824ನೆಯ ಇಸವಿಯ ಅಕ್ಟೋಬರ್ 23ರಂದು ಈ ಊರ ಕೋಟೆಯ ಬಾಗಿಲಲ್ಲಿ ಕಂಪನಿ ಸರಕಾರದ ಅಧಿಕಾರಿ ಸೇಂಟ್ ಜಾನ್ ಥ್ಯಾಕರೆ ಸತ್ತು, ರಾಣಿ ಚೆನ್ನಮ್ಮನ ಪಡೆ ಗೆದ್ದ ದಿನದ ನೆನಪು ಅದು.

ಈಗ ಕಿತ್ತೂರಿಗೂ ಅದರ ನೆರೆಹೊರೆಯ ಊರುಗಳಿಗೂ ನೆನಪಿನ ಸುಗ್ಗಿ ಸಮೀಪಿಸುತ್ತಲಿದೆ. ಅಕ್ಟೋಬರಿನಿಂದ ಫೆಬ್ರವರಿಯ ವರೆಗೆ ಈ ಸೀಮೆಯಲ್ಲಿ ಒಂದಾದ ಮೇಲೊಂದು ಉತ್ಸವಗಳುಂಟು, ಸ್ಮರಣೆಗಳುಂಟು. ಶಾಲೆಯ ಮಕ್ಕಳಿಗೆ ಭಾಷಣ ಬರೆದುಕೊಡುವ ಕೆಲಸ ಉಪಾಧ್ಯಾಯರಿಗೆ ಬೀಳುವ ಕಾಲವೂ ಇದೇ. ಈ ಸಂದರ್ಭದಲ್ಲಿ ಆ ದಿನಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡುವುದು ಅನುಚಿತವಾಗಲಾರದು. ಹಾಗೆ ನೋಡಿದಾಗ ನಮ್ಮ ನೆನಪಿನ ರೀತಿಯ ಬಗೆಗೇ ಒಂದು ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಒಂದು ಕಥೆಯ ನಾಲ್ಕು ತಿಂಗಳು

ಕಿತ್ತೂರು ಸೀಮೆಯ ಉತ್ಸವಗಳಲ್ಲಿ ಒಂದು ಆಶ್ಚರ್ಯವಿದೆ. ಅವು ಕ್ಯಾಲೆಂಡರಿನಲ್ಲಿ ಬರುವ ಕ್ರಮವೇ ಬಹುಮಟ್ಟಿಗೆ ಇತಿಹಾಸ ನಡೆದ ಕ್ರಮವೂ ಆಗಿದೆ. ಇಸವಿಗಳನ್ನು ಬದಿಗಿಟ್ಟು ತಿಂಗಳುಗಳನ್ನಷ್ಟೇ ಓದಿದರೆ ಕಥೆ ಮೊದಲಿನಿಂದ ಕೊನೆಯ ವರೆಗೆ ತನ್ನಷ್ಟಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ.

ಮೊದಲನೆಯದು ಅಕ್ಟೋಬರ್, ಕಿತ್ತೂರಿನ ಗೆಲುವು. ದೊರೆ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಅವನು ಹುಡುಗನೊಬ್ಬನನ್ನು ದತ್ತಕ ತೆಗೆದುಕೊಂಡಿದ್ದನೆಂದು ಸಂಸ್ಥಾನದವರು ಹೇಳಿದರು. ಆ ದತ್ತಕ ಸಂಶಯಾಸ್ಪದವೆಂದು ಧಾರವಾಡದಲ್ಲಿದ್ದ ಥ್ಯಾಕರೆ ಹಟ ಹಿಡಿದ. ಬೊಕ್ಕಸಕ್ಕೆ ಮುದ್ರೆ ಹಾಕಿಸಿದ, ಕಾವಲಿಟ್ಟ. ತೀರಿಹೋದ ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿ ಚೆನ್ನಮ್ಮ ಅದಕ್ಕೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಮುಚ್ಚಿದ ಕೋಟೆಯ ಬಾಗಿಲು ತೆರೆದಾಗ ಹೊರಗೆ ಬಂದದ್ದು ಶರಣಾಗತಿಯಲ್ಲ, ದಂಡು. ಥ್ಯಾಕರೆಯನ್ನು ಕೆಡೆದವನು ಅಮಟೂರು ಬಾಳಪ್ಪನೆಂದು ಜನ ಇಂದಿಗೂ ಹೇಳುತ್ತಾರೆ. ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು.

ಎರಡನೆಯದು ಜನವರಿ. ತಿಂಗಳ 12 ಮತ್ತು 13ರಂದು ಮಲಪ್ರಭೆಯ ದಡದ ಸಂಗೊಳ್ಳಿಯಲ್ಲಿ ಉತ್ಸವ. ಅದೇ ತಿಂಗಳ 26 ರಾಯಣ್ಣನ ಬಲಿದಾನದ ದಿನ. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದ ಬಳಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಹುಟ್ಟು 1798ರ ಆಗಸ್ಟ್ 15 ಎಂದು ವಾಡಿಕೆ. ಹುಟ್ಟಿದ ತಾರೀಖು ಸ್ವಾತಂತ್ರ್ಯದ ದಿನದ್ದೂ ಮಡಿದ ತಾರೀಖು ಗಣರಾಜ್ಯದ ದಿನದ್ದೂ ಆಗಿ ಕೂಡಿಬಂದದ್ದನ್ನು ಈ ಸೀಮೆಯ ಜನ ಕೇವಲ ಆಕಸ್ಮಿಕವೆಂದು ತಿಳಿಯುವುದಿಲ್ಲ. ನಂದಗಡದಲ್ಲಿ ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಇಂದಿಗೂ ಕೈಮುಗಿದು ಹೋಗುವವರಿದ್ದಾರೆ.

ಮೂರನೆಯದು ಫೆಬ್ರವರಿ, ಬೈಲಹೊಂಗಲ. ಸೆರೆಯಾದ ಚೆನ್ನಮ್ಮನನ್ನು ಇರಿಸಿದ್ದುದು ಅಲ್ಲಿನ ಕೋಟೆಯಲ್ಲಿ. 1829ರ ಫೆಬ್ರವರಿಯಲ್ಲಿ ಆಕೆ ಸೆರೆಯಲ್ಲಿಯೇ ತೀರಿಕೊಂಡಳು. ಆಕೆಯ ಸಮಾಧಿ ಬೈಲಹೊಂಗಲದಲ್ಲಿದೆ. ಸುತ್ತ ಒಂದು ಉದ್ಯಾನವಿದೆ.

ಗೆಲುವು, ಗಲ್ಲು, ಸಮಾಧಿ. ಜನವರಿ-ಫೆಬ್ರವರಿಗಳ ಇಸವಿ ಹಿಂದುಮುಂದಾಗಿದ್ದರೂ ಕಥೆಯ ಓಟಕ್ಕೆ ಅಡ್ಡಿಯಿಲ್ಲ. ಆದರೆ ಗೆದ್ದ ರಾಣಿ ಸೆರೆಮನೆಗೆ ಹೋದದ್ದು ಹೇಗೆ? ಅವಳ ಬಂಟನೊಬ್ಬ ಐದು ವರ್ಷಗಳ ಮೇಲೆ ಕಾಡು ಹಿಡಿದು ಕಾದಬೇಕಾಗಿ ಬಂದದ್ದು ಏಕೆ? ಅಕ್ಟೋಬರಿಗೂ ಜನವರಿಗೂ ನಡುವೆ ಒಂದು ಹಾಳೆ ಹರಿದುಹೋದಂತಿದೆಯಲ್ಲವೆ?

ಹರಿದುಹೋದ ಹಾಳೆ

ಆ ಹಾಳೆ ಡಿಸೆಂಬರಿನದು. 1824ರ ಡಿಸೆಂಬರ್ ಮೊದಲ ವಾರದಲ್ಲಿ ಕಿತ್ತೂರು ಬಿದ್ದಿತು. ದಖ್ಖನದ ಕಮಿಶನರ್ ಚಾಪ್ಲಿನ್ ಮುಂದೆ ನಿಂತು, ಹಲವು ಠಾಣ್ಯಗಳಿಂದ ದಂಡನ್ನೂ ಫಿರಂಗಿಗಳನ್ನೂ ಕೂಡಿಸಿ ಕೋಟೆಯನ್ನು ಮುತ್ತಿದ. ಮದರಾಸಿನ ಗವರ್ನರ್ ಥಾಮಸ್ ಮನ್ರೋನ ಸಂಬಂಧಿಯಾದ, ಸೊಲ್ಲಾಪುರದ ಸಬ್-ಕಲೆಕ್ಟರ್ ಮನ್ರೋ ಆ ಕಾಳಗದಲ್ಲಿ ಪ್ರಾಣಬಿಟ್ಟ. ಆದುದರಿಂದ ಅದು ಸುಲಭದ ಗೆಲುವಾಗಿರಲಿಲ್ಲವೆಂಬುದು ಸ್ಪಷ್ಟ. ಆದರೂ ಕೋಟೆಯ ಗೋಡೆ ಒಡೆಯಿತು. ಸಂಸ್ಥಾನ ಮುಗಿಯಿತು. ಕಿತ್ತೂರಿನ ಇತಿಹಾಸದಲ್ಲಿ ಅತ್ಯಂತ ದೊಡ್ಡ ಪರಿಣಾಮವುಳ್ಳ ವಾರ ಯಾವುದೆಂದು ಕೇಳಿದರೆ ಅಕ್ಟೋಬರಿನದಲ್ಲ, ಇದೇ ಎಂದು ಹೇಳಬೇಕಾಗುತ್ತದೆ.

ಅಕ್ಟೋಬರಿನ ದಿನಕ್ಕೆ ನಾಡಹಬ್ಬದ ಗೌರವವುಂಟು. 1977ರಲ್ಲಿ ಚೆನ್ನಮ್ಮನ ಅಂಚೆಚೀಟಿ ಹೊರಬಂದದ್ದೂ ಅಕ್ಟೋಬರ್ 23ರಂದೇ. ಡಿಸೆಂಬರಿಗೆ ಅಂಥ ಉತ್ಸವವಿಲ್ಲ, ಜ್ಯೋತಿಯಿಲ್ಲ, ಮೆರವಣಿಗೆಯಿಲ್ಲ. ಸೋಲನ್ನು ಯಾರು ತಾನೆ ಕೊಂಡಾಡುತ್ತಾರೆ ಎಂದು ಕೇಳಬಹುದು. ಮಾತು ನಿಜ. ಕೊಂಡಾಡಬೇಕಾಗಿಲ್ಲ. ಆದರೆ ಕೊಂಡಾಡುವುದೂ ನೆನೆಯುವುದೂ ಒಂದೇ ಅಲ್ಲವೆಂಬುದನ್ನು ನಾವು ಮರೆತಿದ್ದೇವೆಯೇ ಎಂಬ ಅನುಮಾನ ಬರುತ್ತದೆ.

ವಿಚಿತ್ರವೆಂದರೆ, ಕಿತ್ತೂರಿಗೆ ಹೋದ ಪ್ರವಾಸಿ ಕಣ್ಣಾರೆ ಕಾಣುವುದು ಅಕ್ಟೋಬರನ್ನಲ್ಲ, ಡಿಸೆಂಬರನ್ನು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ಸಂಪಗಾವಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಬೆಳೆದ ಅರಮನೆ ಇಂದು ಮಾಡಿಲ್ಲದ ಗೋಡೆಗಳ ಸಾಲು. ಆಳೆತ್ತರಕ್ಕೂ ಮೀರಿದ ದಪ್ಪ ಗೋಡೆಗಳು, ನೀರು ಹರಿಸುತ್ತಿದ್ದ ಕೊಳವೆಗಳು, ಬಾವಿ, ಸ್ನಾನದ ಮನೆ, ಅಡಿಗೆಯ ಮನೆ, ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಕೂರಿಸಿದ ಒಂದು ಕೊಳವೆ—ಇವೆಲ್ಲ ಒಂದು ಸುಖವಾದ, ಅಚ್ಚುಕಟ್ಟಾದ ಬಾಳು ಅಲ್ಲಿತ್ತೆಂಬುದಕ್ಕೆ ಸಾಕ್ಷಿ. ಅದು ತಟಕ್ಕನೆ ನಿಂತುಹೋಯಿತೆಂಬುದಕ್ಕೂ ಅವೇ ಸಾಕ್ಷಿ. ಕೋಟೆಯ ಆವರಣದ ವಸ್ತುಸಂಗ್ರಹಾಲಯದಲ್ಲಿ ಕೆತ್ತನೆಯ ಮರದ ಬಾಗಿಲುಗಳಿವೆ, ಕತ್ತಿಗಳಿವೆ. ಬಾಗಿಲು ಮನೆಯನ್ನು ಬಿಟ್ಟು ಸಂಗ್ರಹಾಲಯಕ್ಕೆ ಬಂದಿತೆಂದರೆ ಆ ಮನೆಯಲ್ಲಿ ಈಗ ಯಾರೂ ಇಲ್ಲವೆಂದೇ ಅರ್ಥ. ದೊರೆಮನೆತನದ ಸಮಾಧಿಗಳು ಊರ ಕಲ್ಮಠದಲ್ಲಿವೆ. ಸೆರೆಯಲ್ಲಿ ಸತ್ತ ಚೆನ್ನಮ್ಮನ ಸಮಾಧಿ ಮಾತ್ರ ಬೇರೆ ಊರಲ್ಲಿ. ಇದೂ ಡಿಸೆಂಬರಿನ ಫಲವೇ.

ಸೋಲನ್ನು ಓದುವುದು ಹೇಗೆ?

ಗೆಲುವಿಗೆ ಭಾಷಣ ಸಾಕಾಗಬಹುದು. ಸೋಲಿಗೆ ವಿಚಾರ ಬೇಕು. ಕಿತ್ತೂರು ಏಕೆ ಸೋತಿತು ಎಂಬುದಕ್ಕೆ ಊರ ನೆನಪಿನಲ್ಲಿ ಒಂದು ಖಚಿತವಾದ ಉತ್ತರವಿದೆ: ಒಳಗಿನವರ ದ್ರೋಹ. ತೋಪಿನ ಮದ್ದಿನಲ್ಲಿ ಸೆಗಣಿ, ಕಾಳು ಬೆರೆಸಿದ್ದರೆಂದು ನಾಟಕಗಳಲ್ಲಿ ಕಂಡಿದ್ದೇವೆ, ಹಿರಿಯರ ಬಾಯಲ್ಲಿ ಕೇಳಿದ್ದೇವೆ. ರಾಯಣ್ಣನನ್ನೂ ನಮ್ಮವರೇ ಹಿಡಿದುಕೊಟ್ಟರೆಂಬುದು ಅದೇ ನೆನಪಿನ ಮುಂದುವರಿದ ಭಾಗ. ಬಿ. ಆರ್. ಪಂತುಲು ನಿರ್ದೇಶಿಸಿ ಬಿ. ಸರೋಜಾದೇವಿ ಅಭಿನಯಿಸಿದ 1961ರ 'ಕಿತ್ತೂರು ಚೆನ್ನಮ್ಮ' ಚಲನಚಿತ್ರ ಈ ಕಥೆಯನ್ನು ಕಿತ್ತೂರನ್ನು ಕಂಡರಿಯದ ಊರುಗಳ ಮನೆಮನೆಗೂ ಒಯ್ದಿತು.

ಸರಕಾರಿ ದಪ್ತರದ ಉತ್ತರ ಬೇರೆ. ಅಲ್ಲಿ ಎಣಿಕೆಯ ಮಾತು: ಎಷ್ಟು ದಂಡು, ಎಷ್ಟು ತೋಪು, ಎಲ್ಲಿಂದ ಎಲ್ಲಿಗೆ ಎಷ್ಟು ದಿನದ ದಾರಿ. ಅಕ್ಟೋಬರಿನಲ್ಲಿ ಥ್ಯಾಕರೆಯ ಹಿಂದೆ ಇದ್ದುದು ಚಿಕ್ಕ ಪಡೆ. ಡಿಸೆಂಬರಿನಲ್ಲಿ ಬಂದು ನಿಂತುದು ಒಂದು ಸಾಮ್ರಾಜ್ಯದ ಬಲ. ಆ ಕಾಗದಗಳು ಇದನ್ನು ಯುದ್ಧವೆಂದೂ ಕರೆಯುವುದಿಲ್ಲ, ದಂಗೆ ಎನ್ನುತ್ತವೆ. ನಮ್ಮ ಲಾವಣಿಗಾರನಿಗೆ ಅದು ಕಾಳಗ.

ಈ ಎರಡರಲ್ಲಿ ಒಂದನ್ನು ನಂಬಿ ಇನ್ನೊಂದನ್ನು ಎಸೆಯುವುದು ವಿದ್ಯೆಯ ಲಕ್ಷಣವಲ್ಲ. ಮನೆಯವನ ಮೋಸ ಇದ್ದಿರಬಹುದು. ಆದರೆ ಎಲ್ಲ ಸೋಲನ್ನೂ ಮೋಸದ ತಲೆಗೇ ಕಟ್ಟಿಬಿಟ್ಟರೆ ಕೋಟೆಯ ಗೋಡೆಯನ್ನು ಕಾದು ನಿಂತು ಸತ್ತವರ ಪರಾಕ್ರಮವನ್ನು ನಾವೇ ಕಡಿಮೆ ಮಾಡಿದಂತಾಗುತ್ತದೆ. ದಪ್ತರದ ಲೆಕ್ಕವೂ ನಿಜವಿರಬಹುದು; ಆದರೆ ಬರೆದವನು ಗೆದ್ದವನೆಂಬುದನ್ನು ಮರೆತು ಓದಿದರೆ ಚೆನ್ನಮ್ಮನ ಪಕ್ಷದ ಮಾತು ಎಂದೆಂದಿಗೂ ಕೇಳಿಸದೆ ಹೋಗುತ್ತದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಈ ಎರಡು ಸಾಕ್ಷ್ಯಗಳನ್ನೂ ಎದುರಿಗಿಟ್ಟುಕೊಂಡು ಒಂದು ಪುಟ ತನ್ನ ಮಾತಿನಲ್ಲಿ ಬರೆದಳೆಂದರೆ, ಅವಳು ಕಂಠಪಾಠ ಮಾಡಿದ ಹತ್ತು ಭಾಷಣಗಳಿಗಿಂತ ಅದು ಮಿಗಿಲು.

ಇನ್ನೂ ಕೆಲವು ಕಷ್ಟದ ಸಂಗತಿಗಳು ಡಿಸೆಂಬರಿನ ಓದಿನಲ್ಲಿ ಎದುರಾಗುತ್ತವೆ. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದಾಗ ಕಿತ್ತೂರಿನ ದೊರೆ ಕಂಪನಿಯ ಪಕ್ಷದಲ್ಲಿದ್ದ. ಕಾಣಿಕೆ ಕೊಡುವ ಒಪ್ಪಂದದ ಮೇಲೆ ಸಂಸ್ಥಾನ ಅವನಿಗೆ ಉಳಿದಿತ್ತು. ತಂದೆ ಮಲ್ಲಸರ್ಜನನ್ನು ಪೇಶ್ವೆ ಪುಣೆಯಲ್ಲಿ ಸೆರೆಯಿಟ್ಟು ನವೆಯಿಸಿದ್ದ. ಆ ಸೆರೆಯಿಂದ ಬಿಡುಗಡೆಯಾಗಿ ಬಂದ ಮಲ್ಲಸರ್ಜ 1816ರಲ್ಲಿ ತೀರಿಕೊಂಡಿದ್ದ. ಮಗನ ಮನಸ್ಸು ಎತ್ತ ಒಲಿದಿತ್ತೆಂಬುದು ಇದರಿಂದ ತಿಳಿಯುತ್ತದೆ. ಆರು ವರ್ಷಗಳಲ್ಲಿ ಅದೇ ಕಂಪನಿ ಅವನ ಮನೆಯ ಬೊಕ್ಕಸಕ್ಕೆ ಮುದ್ರೆ ಹಾಕಿತು. ದತ್ತಕವನ್ನು ಒಲ್ಲೆನೆಂದು ಸಂಸ್ಥಾನಗಳನ್ನು ನುಂಗುವ ನೀತಿಗೆ ಡಾಲ್‌ಹೌಸಿಯ ಹೆಸರು ಹಚ್ಚಿ ಪಾಠ ಹೇಳುತ್ತೇವೆ. ಅವನು ಗವರ್ನರ್ ಜನರಲ್ ಆಗಿ ಬಂದುದು 1848ರಲ್ಲಿ. ಕಿತ್ತೂರು ಆ ಪೆಟ್ಟನ್ನು ತಿಂದದ್ದು ಅದಕ್ಕಿಂತ 24 ವರ್ಷ ಮೊದಲು. ನಂಬಿದವನಿಂದಲೇ ಮೋಸಹೋದ ಒಂದು ಸಣ್ಣ ಸಂಸ್ಥಾನದ ಈ ಪಾಠ, ಜಯಘೋಷದ ನಡುವೆ ಕೇಳಿಸುವಂಥದಲ್ಲ. ಅದಕ್ಕೆ ಶಾಂತವಾದ ಒಂದು ದಿನ ಬೇಕು.

ಇಬ್ಬರು ಪರದೇಶಿಗಳ ಕೆಲಸ

ಈ ಕಥೆಯಲ್ಲಿ ಒಬ್ಬ ಸೆರೆಯಾಳಿನ ಹೆಸರು ಬಂದಿತಲ್ಲವೆ? ಅಕ್ಟೋಬರ್ 23ರಂದು ಕಿತ್ತೂರಿನವರ ಕೈಗೆ ಸಿಕ್ಕ ವಾಲ್ಟರ್ ಎಲಿಯಟ್ ಆಗ 21 ವರ್ಷದ ತರುಣ. ರಾಣಿಯ ಕಡೆಯವರು ಅವನ ಕೂದಲು ಕೊಂಕಿಸಲಿಲ್ಲ. ಕೋಟೆ ಬೀಳುವ ಮುನ್ನವೇ ಅವನಿಗೂ ಸ್ಟೀವನ್ಸನ್‌ಗೂ ಬಿಡುಗಡೆಯಾಯಿತು. ಮುಂದೆ 1833ರ ವರೆಗೂ ಅವನು ಈ ಸೀಮೆಯಲ್ಲಿಯೇ ಅಧಿಕಾರದಲ್ಲಿದ್ದ. ಆಗ ಅವನು ಕೈಗೊಂಡ ಒಂದು ಕೆಲಸ ಕರ್ಣಾಟಕದ ಇತಿಹಾಸಕ್ಕೆ ಬುನಾದಿಯಾಯಿತು. ಗುಡಿ-ಬಸದಿಗಳ ಮುಂದೆ, ಕೆರೆಯ ಏರಿಯ ಮೇಲೆ ನಿಂತಿದ್ದ ಕಲ್ಬರಹಗಳನ್ನು ಪ್ರತಿ ಮಾಡಿಸಿ ಕೂಡಿಸಿದ; ಅವುಗಳ ಸಂಖ್ಯೆ ಸುಮಾರು 600. ಅವುಗಳ ಆಧಾರದ ಮೇಲೆ 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ಬರೆದ ಲೇಖನ ಚಾಲುಕ್ಯರೇ ಮೊದಲಾದ ರಾಜವಂಶಗಳನ್ನು ವಿದ್ವತ್‌ಲೋಕಕ್ಕೆ ಪರಿಚಯ ಮಾಡಿಕೊಟ್ಟಿತು. ಕಿತ್ತೂರಿನ ಸೆರೆಯಾಳು ಕನ್ನಡ ಶಾಸನಗಳ ದೊಡ್ಡ ಸಂಗ್ರಾಹಕನಾದ!

ಅವನ ಸಂಗ್ರಹವನ್ನು ಬಳಸಿಕೊಂಡು ಮುಂದೆ ನಡೆದವನು ಮುಂಬಯಿ ಪ್ರಾಂತದ ಅಧಿಕಾರಿ ಜೆ. ಎಫ್. ಫ್ಲೀಟ್. ಫ್ಲೀಟನು ಕಲ್ಲನ್ನಷ್ಟೇ ಓದಲಿಲ್ಲ, ಬಾಯಿಹಾಡನ್ನೂ ಕೇಳಿದ. ಈ ಸೀಮೆಯ ಲಾವಣಿಗಳನ್ನು ಬರೆಯಿಸಿಕೊಂಡು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಮಾಡಿಸಿದ. ಹಲಗಲಿಯ ಬೇಡರ ಲಾವಣಿ ಅದರಲ್ಲುಂಟು. ಸಂಗೊಳ್ಳಿ ರಾಯಣ್ಣನ ದಂಗೆಯ ಲಾವಣಿಯೂ ಉಂಟು. ರಾಯಣ್ಣನನ್ನು ಗಲ್ಲಿಗೇರಿಸಿದ ಸರಕಾರದ ನೌಕರನೊಬ್ಬನೇ ಅರ್ಧ ಶತಮಾನ ಕಳೆದ ಮೇಲೆ ಅವನ ಹಾಡನ್ನು ಕಾಗದಕ್ಕಿಳಿಸಿದನೆಂದಾಯಿತು.

ಇದರಿಂದ ನಾವು ತಿಳಿಯಬೇಕಾದುದೇನು? ಪರದೇಶಿಗಳ ಗುಣಗಾನ ಮಾಡುವುದು ನನ್ನ ಉದ್ದೇಶವಲ್ಲ. ಅವರು ಕಲ್ಲು ಓದಿದ್ದು ನಿಜ, ಕೋಟೆ ಒಡೆದದ್ದೂ ನಿಜ. ಹೇಳಬೇಕಾದುದು ಇಷ್ಟೇ: ಕಿತ್ತೂರನ್ನು ಗೆದ್ದವರು ಗೆದ್ದ ಮೇಲೆ ಸುಮ್ಮನೆ ಕೂಡಲಿಲ್ಲ, ನಮ್ಮ ಊರು, ಕಲ್ಲು, ಹಾಡುಗಳನ್ನು ಓದಿದರು. ಆದುದರಿಂದಲೇ ನಮ್ಮ ಸೋಲಿನ ಕಥೆಯೂ ಅವರ ಭಾಷೆಯಲ್ಲಿ, ಅವರ ಕಪಾಟಿನಲ್ಲಿ ಉಳಿಯಿತು. ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ಸಂದಿದೆ. ಕನ್ನಡದ ವಿದ್ವಾಂಸರೂ ಜಾನಪದ ಸಂಗ್ರಾಹಕರೂ ಈ ದಿಕ್ಕಿನಲ್ಲಿ ದುಡಿದಿದ್ದಾರೆ. ಆದರೆ ಊರಿನವರೇ ಊರನ್ನು ಓದುವ ರೂಢಿ ಇನ್ನೂ ಬೇರೂರಬೇಕಾಗಿದೆ.

ಕಿತ್ತೂರಿನ ಸುತ್ತ ಓದಲಿಕ್ಕೆ ಕೊರತೆಯೇನೂ ಇಲ್ಲ. ಊರಿನ ಸಮೀಪದಲ್ಲಿಯೇ ದೇಗಾಂವಿಯ ಕಮಲನಾರಾಯಣ ದೇವಾಲಯವಿದೆ. ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಚೆನ್ನಮ್ಮನಿಗಿಂತ ಆರುನೂರು ವರ್ಷಗಳಿಗೂ ಹಿಂದೆ ಇದೇ ನೆಲದಲ್ಲಿ ಇನ್ನೊಬ್ಬ ರಾಣಿ ತನ್ನ ಹೆಸರನ್ನು ಕಲ್ಲಿನಲ್ಲಿ ಉಳಿಸಿದ್ದಳು. ಉತ್ಸವಕ್ಕೆ ಬಂದವರಲ್ಲಿ ಎಷ್ಟು ಮಂದಿ ದೇಗಾಂವಿಗೆ ಹೋಗಿಬರುತ್ತಾರೆ? ಕಿತ್ತೂರಿನಲ್ಲಿಯೇ 1969ರಲ್ಲಿ ಆರಂಭವಾದ ರಾಣಿ ಚೆನ್ನಮ್ಮ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆಯುಂಟು. ಇಬ್ಬರು ರಾಣಿಯರ ನಡುವೆ ಓದುವ ಈ ಬಾಲಿಕೆಯರಿಗಿಂತ ಒಳ್ಳೆಯ ಇತಿಹಾಸ ವಿದ್ಯಾರ್ಥಿಗಳನ್ನು ಎಲ್ಲಿ ಹುಡುಕುವುದು?

ದುಃಖಕ್ಕೂ ಒಂದು ಹುಣ್ಣಿಮೆ

ಸೋಲಿನ ದಿನವನ್ನು ಆಚರಿಸುವುದು ನಮ್ಮ ಸಂಪ್ರದಾಯವಲ್ಲ ಎಂದು ಆಕ್ಷೇಪಿಸುವವರಿಗೆ ಇದೇ ಸೀಮೆಯ ಜನಪದರೇ ಉತ್ತರ ಕೊಡುತ್ತಾರೆ. ಕಿತ್ತೂರಿನ ಮೂಡಣಕ್ಕೆ ಸವದತ್ತಿಯ ಎಲ್ಲಮ್ಮನ ಗುಡ್ಡವಿದೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಅಲ್ಲಿ ದೇವಿಯ ಬಳೆ ಒಡೆಯುತ್ತಾರೆ. ಜಮದಗ್ನಿಯನ್ನು ಕಳೆದುಕೊಂಡ ಎಲ್ಲಮ್ಮನ ದುಃಖ ಆ ಹುಣ್ಣಿಮೆಯದು. ಆಮೇಲೆ ಮಾಘದ ಭಾರತ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆಯಾಗುತ್ತಾಳೆ. ಅಂದಿನ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಮಾಘದ ಸಂತೋಷಕ್ಕೆ ಅರ್ಥ ಬರುವುದು ಮಾರ್ಗಶಿರದ ದುಃಖವನ್ನು ಜನ ಮರೆಯದೆ ನಡೆಸಿಕೊಂಡು ಬಂದುದರಿಂದ. ಹೊಸ್ತಿಲ ಹುಣ್ಣಿಮೆ ಸಾಮಾನ್ಯವಾಗಿ ಬೀಳುವುದು ಡಿಸೆಂಬರಿನಲ್ಲಿಯೇ ಎಂಬುದು ಗಮನಿಸತಕ್ಕ ಮಾತು.

ಉತ್ತರ ಕರ್ಣಾಟಕದ ಹಳ್ಳಿಗಳ ಮೊಹರಂ ಇನ್ನೊಂದು ಉದಾಹರಣೆ. ಕರ್ಬಲೆಯ ಕಾಳಗದಲ್ಲಿ ಹಸನ-ಹುಸೇನರ ಮನೆತನಕ್ಕೆ ಬಂದ ಸಂಕಟವನ್ನು ಹಿಂದೂ-ಮುಸಲ್ಮಾನರೆನ್ನದೆ ಊರವರೆಲ್ಲ ಅಲಾವಿಯ ಸುತ್ತ ಹಾಡಿ ನೆನೆಯುತ್ತಾರೆ. ಅದೂ ಸೋಲಿನ ಕಥೆಯೇ. ಸಾವಿರಾರು ಹರದಾರಿ ಆಚೆಯ ಸೋಲಿಗೆ ಕಣ್ಣೀರಿನ ಪದ ಕಟ್ಟಿದ ನಮ್ಮ ಹಳ್ಳಿಗರಿಗೆ ತಮ್ಮ ಮಗ್ಗುಲ ಕೋಟೆ ಬಿದ್ದ ದಿನವನ್ನು ನೆನೆಯುವುದು ಹೊಸ ವಿದ್ಯೆಯೇನೂ ಅಲ್ಲ. ಲಾವಣಿಗಾರ ರಾಯಣ್ಣನ ಗಲ್ಲನ್ನು ಹಾಡಿದ. ಗೆಲ್ಲದವನನ್ನೂ ಅವನು ವೀರನೆಂದು ಕರೆದ. ಸೋತವರಿಗೆ ಪಂಚಾಂಗದಲ್ಲಿ ಎಡೆಗೊಡದಿರುವುದು ನಮ್ಮ ಜನಪದರ ಪದ್ಧತಿಯಲ್ಲ. ಅದು ಈಚಿನ ವೇದಿಕೆಗಳ ಪದ್ಧತಿ.

ಹಾಗಾದರೆ ಏನು ಮಾಡಬೇಕು? ಇನ್ನೊಂದು ಉತ್ಸವವನ್ನು ಬೇಡುತ್ತಿದ್ದೇನೆಂದು ವಾಚಕರು ತಿಳಿಯಬಾರದು. ಡಿಸೆಂಬರಿಗೆ ಬೇಕಾದುದು ಪೆಂಡಾಲಲ್ಲ. ಆ ಮೊದಲ ವಾರದಲ್ಲಿ ಒಂದು ದಿನ ಸುತ್ತಣ ಶಾಲೆ-ಕಾಲೇಜುಗಳವರು ಅರಮನೆಯ ಗೋಡೆಗಳ ನಡುವೆ ಕೂಡಿದರೆ ಸಾಕು. ಮುಂಜಾನೆ ಗುರುಗಳ ಜೊತೆ ಕೋಟೆಯನ್ನು ಒಂದು ಸುತ್ತು ಹಾಕಲಿ. ಆಮೇಲೆ ಒಬ್ಬರು ಸರಕಾರಿ ವರದಿಯ ಒಂದು ಭಾಗವನ್ನು ಕನ್ನಡದಲ್ಲಿ ಓದಲಿ. ಒಬ್ಬ ಲಾವಣಿಗಾರ ಅದೇ ಘಟನೆಯನ್ನು ತನ್ನ ಮಟ್ಟಿನಲ್ಲಿ ಹಾಡಲಿ. ಮಕ್ಕಳು ಪ್ರಶ್ನೆ ಕೇಳಲಿ. ಉತ್ತರ ಸಿಗದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಮುಂದಿನ ಡಿಸೆಂಬರಿನ ವರೆಗೆ ಅವೇ ಅವರಿಗೆ ಪಾಠ.

ಎರಡನೆಯ ಕೆಲಸ ಸಂಗ್ರಹದ್ದು. ಕಿತ್ತೂರು ಸೀಮೆಯ ಹಳೆಯ ಮನೆಗಳ ಗಂಟುಗಳಲ್ಲಿ ಮೋಡಿ ಅಕ್ಷರದ, ಕನ್ನಡದ ಕಾಗದಗಳು ಇರುವ ಸಂಭವವುಂಟು. ಸನದು, ಇನಾಮಿನ ಪತ್ರ, ಜಮೀನಿನ ತಕರಾರು—ಓದಲು ಬಾರದವರಿಗೆ ಅದು ಹುಳು ಹಿಡಿಯುವ ಕಸ. ರಾಯಣ್ಣನು ಶೇತಸನದಿ, ಅಂದರೆ ಊರ ಕಾವಲಿನ ಚಾಕರಿಗೆ ಭೂಮಿ ಪಡೆದ ಮನೆತನದವನು. ಅಂಥ ಭೂಮಿಯ ಮೇಲೆ ಕಂಪನಿಯ ಕಣ್ಣು ಬಿದ್ದದ್ದು ಅವನ ದಂಗೆಗೆ ಒಂದು ಮುಖ್ಯ ಕಾರಣ. ಅವನು ಸರಕಾರಿ ಕಚೇರಿಗಳಿಗೆ ಬೆಂಕಿಯಿಟ್ಟದ್ದನ್ನು ಆ ಬೆಳಕಿನಲ್ಲಿ ನೋಡಿದರೆ ಬರಿಯ ರೋಷವಲ್ಲವೆಂದು ತಿಳಿಯುತ್ತದೆ. ಭೂಮಿಯ ಕಾಗದವನ್ನು ಓದದೆ ರಾಯಣ್ಣನನ್ನು ಪೂರ್ತಿ ತಿಳಿಯುವುದು ಸಾಧ್ಯವಿಲ್ಲ. ಮೋಡಿ ಓದಬಲ್ಲವರು ವರ್ಷವರ್ಷಕ್ಕೂ ವಿರಳರಾಗುತ್ತಿದ್ದಾರೆ. ಅವರಿರುವಾಗಲೇ ಹತ್ತು ಮಂದಿ ತರುಣರಾದರೂ ಅದನ್ನು ಕಲಿತುಕೊಳ್ಳುವುದು ಅವಶ್ಯ.

ಮೂರನೆಯದು ಬಾಯಿಮಾತು. ಹೊಲದ ಹೆಸರು, ಹಳ್ಳದ ಹೆಸರು, ಒಂದು ಮರಡಿಗೆ ಆ ಹೆಸರು ಬಂದ ಕಾರಣ, ಅಜ್ಜಿ ಬೀಸುವಾಗ ಹಾಡುತ್ತಿದ್ದ ಪದ—ಇವನ್ನು ಬರೆದಿಟ್ಟುಕೊಳ್ಳಲು ದೊಡ್ಡ ಅನುದಾನ ಬೇಡ. ಒಂದು ಪುಸ್ತಕ, ಒಂದು ಪೆನ್ನು, ಕೇಳುವ ವ್ಯವಧಾನ ಬೇಕು. ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿರುವ ಮೊಬೈಲು ಫೋನಿನಲ್ಲಿ ದನಿಯನ್ನು ಹಿಡಿದಿಡುವುದೂ ಸುಲಭ. ಎಲಿಯಟ್‌ಗೂ ಫ್ಲೀಟ್‌ಗೂ ಈ ಅನುಕೂಲವಿರಲಿಲ್ಲ.

ಬರಲಿರುವ ವರ್ಷಗಳು

ಇದಕ್ಕೆಲ್ಲ ಈಗಲೇ ಅವಸರವೇಕೆ? ಕಾರಣವುಂಟು. ಗೆಲುವಿನ ಇನ್ನೂರನೆಯ ವರ್ಷ 2024ರಲ್ಲಿ ಬಂದು ಹೋಯಿತು. ಅದು ಸಂಭ್ರಮದ ಹಬ್ಬ. ಜ್ಯೋತಿ ನಾಡಿನ ಜಿಲ್ಲೆಗಳಲ್ಲೆಲ್ಲ ಸಂಚರಿಸಿತು. ಚೆನ್ನಮ್ಮನ ಹೆಸರು ಈಗ ದೊಡ್ಡದಾಗಿದೆ. 2007ರಲ್ಲಿ ದೆಹಲಿಯ ಸಂಸತ್ತಿನ ಆವರಣದಲ್ಲಿ ಆಕೆಯ ಪ್ರತಿಮೆ ನಿಂತಿತು. 2010ರಲ್ಲಿ ಬೆಳಗಾವಿಯಲ್ಲಿ ಆಕೆಯ ಹೆಸರಿನ ವಿಶ್ವವಿದ್ಯಾಲಯ ಬಂದಿತು. 2021ರಲ್ಲಿ ಮುಂಬಯಿ ಕರ್ಣಾಟಕವೆಂಬ ಹೆಸರು ಹೋಗಿ ಈ ಭಾಗವೆಲ್ಲ ಕಿತ್ತೂರು ಕರ್ಣಾಟಕವಾಯಿತು. ಒಂದು ಸಣ್ಣ ಊರಿನ ಹೆಸರು ಹಲವು ಜಿಲ್ಲೆಗಳಿಗೆ ಹಬ್ಬಿತು.

ಆದರೆ ಇನ್ನು ಮುಂದೆ ಬರಲಿರುವ ಇನ್ನೂರನೆಯ ವರ್ಷಗಳೆಲ್ಲ ದುಃಖದವು. 2029ರ ಫೆಬ್ರವರಿಗೆ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಣುಮುಚ್ಚಿ 200 ವರ್ಷ. ಅದೇ ವರ್ಷ ರಾಯಣ್ಣನ ದಂಗೆ ಆರಂಭವಾಗಿಯೂ 200 ವರ್ಷ. 2030ಕ್ಕೆ ಅವನು ಸೆರೆಸಿಕ್ಕ ನೆನಪು. 2031ರ ಜನವರಿ 26ಕ್ಕೆ ನಂದಗಡದ ಗಲ್ಲಿನ 200 ವರ್ಷ. ಅಂದು ಇಡೀ ದೇಶ ಗಣರಾಜ್ಯದ ಹಬ್ಬದಲ್ಲಿರುತ್ತದೆ. ನಂದಗಡದ ಆಲದ ಮರದ ಕೆಳಗೆ ನಾವು ಯಾವ ಮುಖ ಹೊತ್ತು ನಿಲ್ಲಬೇಕು? ಜಯಕಾರದ ಮುಖವೋ, ಮೌನದ್ದೋ? ಅಕ್ಟೋಬರಿನ ಅಭ್ಯಾಸವೊಂದೇ ನಮಗಿದ್ದರೆ ಆ ದಿನವನ್ನೂ ಅದೇ ಡೊಳ್ಳು, ಅದೇ ಭಾಷಣಗಳಲ್ಲಿ ಕಳೆದುಬಿಡುತ್ತೇವೆ.

ಅಷ್ಟರೊಳಗೆ ನಮಗೆ ಕೆಲವು ಡಿಸೆಂಬರುಗಳು ದೊರೆಯುತ್ತವೆ. ಈ ವರ್ಷ ಒಂದು ಶಾಲೆ, ಬರುವ ವರ್ಷ ನಾಲ್ಕು ಶಾಲೆಗಳು ಈ ಕೆಲಸವನ್ನು ಕೈಗೆತ್ತಿಕೊಂಡರೆ 2029ರ ಹೊತ್ತಿಗೆ ಕಿತ್ತೂರು, ಸಂಗೊಳ್ಳಿ, ನಂದಗಡ, ಬೈಲಹೊಂಗಲ, ಅಮಟೂರು, ಚೆನ್ನಮ್ಮನ ತವರಾದ ಕಾಕತಿ—ಪ್ರತಿ ಊರಿಗೂ ತನ್ನವರೇ ಬರೆದ ಒಂದು ಚಿಕ್ಕ ಪುಸ್ತಕವಾದರೂ ಸಿದ್ಧವಾದೀತು. ಮುಂಬಯಿ, ಪುಣೆ, ಚೆನ್ನೈ, ಲಂಡನ್ನುಗಳ ದಪ್ತರಗಳಲ್ಲಿ ಕುಳಿತು ದುಡಿಯುವ ವಿದ್ವಾಂಸರಿಗೂ ಆ ಪುಸ್ತಕಗಳಿಂದ ಸಹಾಯವಾಗದಿರದು. ಏಕೆಂದರೆ ಬಾವಿ ಯಾವುದು, ದಾರಿ ಯಾವುದು, ದಂಡು ಇಳಿದ ಬಯಲು ಯಾವುದು ಎಂಬುದು ದಪ್ತರಕ್ಕಿಂತ ಊರಿಗೇ ಚೆನ್ನಾಗಿ ಗೊತ್ತು.

ಅಕ್ಟೋಬರಿನ ಉತ್ಸವಕ್ಕೆ ಕಿತ್ತೂರಿಗೆ ಹೋಗುವವರು ಅವಶ್ಯವಾಗಿ ಹೋಗಲಿ, ಮಕ್ಕಳನ್ನೂ ಕರೆದೊಯ್ಯಲಿ. ಮೆರವಣಿಗೆ ನೋಡಲಿ, ಕುಸ್ತಿ ನೋಡಲಿ. ಆಮೇಲೆ, ಆರು ವಾರ ಕಳೆದು ಪೆಂಡಾಲು ಬಿಚ್ಚಿ ಊರು ಮತ್ತೆ ಸಣ್ಣದಾದಾಗ, ಇನ್ನೊಂದು ಸಲ ಹೋಗಲಿ. ಆ ಹೊತ್ತಿಗೆ ಎರೆಹೊಲದ ಜೋಳ ಮೊಳಕಾಲುದ್ದ ಬೆಳೆದಿರುತ್ತದೆ. ರೈತರು ಎಳ್ಳಮಾಸೆಯ ಚರಗಕ್ಕೆ ಎದುರು ನೋಡುತ್ತಿರುತ್ತಾರೆ. ಅರಮನೆಯ ಗೋಡೆಗಳ ನಡುವೆ ಸದ್ದಿರುವುದಿಲ್ಲ. ಮಗು ತಾನಾಗಿಯೇ ಕೇಳುತ್ತದೆ: ಗೆದ್ದ ರಾಣಿಯ ಮನೆಗೆ ಮಾಡೇಕಿಲ್ಲ? ಆ ಪ್ರಶ್ನೆಗೆ ಉತ್ತರ ಹೇಳಬಲ್ಲ ತಂದೆ-ತಾಯಿ, ಉತ್ತರ ಹೇಳಬಲ್ಲ ಉಪಾಧ್ಯಾಯರು ನಾವಾಗಬೇಕು.